ಮ್ಯೂನಿಕ್‌ನಿಂದ ಶಿಕಾಗೊಗೆ ಮನೆ ಸಾಮಾನು: ಪಾಲಿನ ಕಂಟೇನರ್ ಸೇವೆ ಹೇಗಿದೆ?

ಜರ್ಮನಿಯಲ್ಲಿ ನಾಲ್ಕೈದು ವರ್ಷ ದುಡಿದು, ಅದೇ ಕಂಪನಿಯೊಳಗಿನ ವರ್ಗಾವಣೆಗೆ ಸಿಗುವ ಎಲ್-1 ವೀಸಾದ ಮೇಲೆ ಅಮೆರಿಕಕ್ಕೆ ಹೊರಡುವವರು ಮೊದಲು ಕೇಳುವ ಪ್ರಶ್ನೆ ಸಂಬಳದ್ದಲ್ಲ, ಸಾಮಾನಿನದು: ಏನು ತಗೊಂಡು ಹೋಗೋದು, ಏನು ಬಿಡೋದು, ಯಾರ ಕೈಲಿ ಕಳಿಸೋದು? ಮ್ಯೂನಿಕ್‌ನಿಂದ ಶಿಕಾಗೊಗೆ ಮನೆ ಬದಲಿಸುವ ಒಂದು ಪುಟ್ಟ ಕುಟುಂಬವನ್ನು ಮುಂದಿಟ್ಟುಕೊಂಡು, 'ಗ್ರೂಪೇಜ್' ಎಂದು ಕರೆಯುವ ಪಾಲಿನ ಕಂಟೇನರ್ ಸೇವೆಯನ್ನು ಇಲ್ಲಿ ತೂಗಿ ನೋಡಿದ್ದೇವೆ. ಆಮ್‌ಸ್ಟರ್‌ಡ್ಯಾಮ್, ಐಂಡ್‌ಹೋವನ್ ಕಡೆಯವರಿಗೂ ಬಹುಪಾಲು ಇದೇ ಅನ್ವಯಿಸುತ್ತದೆ.

ತೀರ್ಪು ಮೊದಲೇ ಹೇಳುತ್ತೇವೆ. ಎರಡು ಕೋಣೆಯ ಮನೆಯವರು ಐದಾರು ಘನ ಮೀಟರಿಗೆ ಸಾಮಾನು ಇಳಿಸಿಕೊಂಡರೆ ಈ ಸೇವೆ ಚೆನ್ನಾಗಿ ಕೆಲಸ ಮಾಡುತ್ತದೆ. ಹದಿನೈದು ಘನ ಮೀಟರ್ ದಾಟಿದರೆ ಪೂರ್ತಿ ಕಂಟೇನರಿನ ದರವನ್ನೂ ಕೇಳಲೇಬೇಕು. ಎರಡು ತಿಂಗಳು ಸಾಮಾನಿಲ್ಲದೆ ಇರಲಾಗದವರಿಗೆ ಇದು ಸರಿಹೋಗದು. ಕಟ್ಟುವವರ ಕೈಚಳಕಕ್ಕಿಂತ ಎರಡು ಕಾಗದಗಳು ಸೇವೆಯ ಗುಣಮಟ್ಟವನ್ನು ಹೆಚ್ಚು ನಿರ್ಧರಿಸುತ್ತವೆ: ಮನೆ ನೋಡಿ ಬರೆಯುವ ಅಳತೆಯ ಪಟ್ಟಿ ಮತ್ತು ಪೆಟ್ಟಿಗೆವಾರು ಸಾಮಾನಿನ ಪಟ್ಟಿ.

ಲಿಫ್ಟ್‌ವ್ಯಾನ್ ಲೆಕ್ಕ

20 ಅಡಿ ಕಂಟೇನರಿನಲ್ಲಿ ಸುಮಾರು 33 ಘನ ಮೀಟರ್ ಜಾಗವಿದೆ, 40 ಅಡಿಯದರಲ್ಲಿ ಸುಮಾರು 67. ಜರ್ಮನಿಯ ಪುಟ್ಟ ಬಾಡಿಗೆ ಮನೆಯೊಂದು ಇದನ್ನು ಪೂರ್ತಿ ತುಂಬುವುದಿಲ್ಲ. ಹಾಗಾಗಿ ನಾಲ್ಕೈದು ಮನೆಗಳ ಸಾಮಾನನ್ನು ಒಂದೇ ಕಂಟೇನರಿಗೆ ಸೇರಿಸಿ ಕಳಿಸುತ್ತಾರೆ. ಒಬ್ಬರದು ಇನ್ನೊಬ್ಬರದರ ಜೊತೆ ಬೆರೆಯದಂತೆ ಪ್ರತಿ ಮನೆಯದನ್ನು ಲಿಫ್ಟ್‌ವ್ಯಾನ್ ಎಂಬ ಮರದ ದೊಡ್ಡ ಪೆಟ್ಟಿಗೆಗೆ ತುಂಬಿ ಮೊಳೆ ಹೊಡೆಯುತ್ತಾರೆ. ಒಂದು ಲಿಫ್ಟ್‌ವ್ಯಾನಿನ ಅಳತೆ ಸುಮಾರು 200 ಘನ ಅಡಿ, ಅಂದರೆ 5.7 ಘನ ಮೀಟರಿನಷ್ಟು. ಹಣ ಉಳಿಸುವ ಗುಟ್ಟು ಇಲ್ಲಿದೆ. ನಿಮ್ಮ ಸಾಮಾನು ಆರೂವರೆ ಘನ ಮೀಟರ್ ಆದರೆ ಎರಡನೆಯ ಪೆಟ್ಟಿಗೆ ಶುರುವಾಗುತ್ತದೆ, ಅದರ ಬಹುಪಾಲು ಖಾಲಿ ಗಾಳಿಗೆ ದುಡ್ಡು ಕೊಟ್ಟಂತಾಗುತ್ತದೆ. ದರ ಪಟ್ಟಿಯಲ್ಲಿ ಬರೆದ ಘನ ಅಳತೆ ಬರೀ ಸಾಮಾನಿನದೋ, ಮರದ ಪೆಟ್ಟಿಗೆಯನ್ನೂ ಸೇರಿಸಿದ್ದೋ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಅಮೆರಿಕದ ಏಜೆಂಟರು ಘನ ಅಡಿಯಲ್ಲಿ ಮಾತಾಡುತ್ತಾರೆ. 1 ಘನ ಮೀಟರ್ ಎಂದರೆ 35.3 ಘನ ಅಡಿ.

ಮರದ ಪೆಟ್ಟಿಗೆಯ ಮೇಲೆ ಗೋಧಿ ತೆನೆಯ ಗುರುತು ಮತ್ತು 'ಎಚ್‌ಟಿ' ಅಕ್ಷರಗಳ ಮುದ್ರೆ ಇರಬೇಕು. ಕೀಟ ಸಾಯುವಷ್ಟು ಬಿಸಿ ಮಾಡಿದ ಮರ ಎಂಬ ಅಂತರರಾಷ್ಟ್ರೀಯ ಗುರುತು ಅದು. ಮುದ್ರೆ ಇಲ್ಲದ ಮರ ಬಂದರಿನಲ್ಲಿ ಸಿಕ್ಕಿಬಿದ್ದರೆ ಸರಕು ವಾಪಸು ಹೋಗುವ ಸಾಧ್ಯತೆಯೂ ಇದೆ. ಕಟ್ಟುವ ದಿನ ಇದರ ಫೋಟೊ ತೆಗೆದಿಡಿ.

ವಿಮಾನದಲ್ಲಿ ಕಳಿಸುವ ಸೇವೆಯಲ್ಲಿ 1 ಘನ ಮೀಟರನ್ನು 167 ಕಿಲೋ ಎಂದು ಹಿಡಿಯುತ್ತಾರೆ. ಹಗುರವಾದ ರಜಾಯಿ, ದಿಂಬುಗಳಿಗೂ ಅದೇ ತೂಕದ ಬೆಲೆ. ಆದ್ದರಿಂದ ವಿಮಾನಕ್ಕೆ ಒತ್ತಾಗಿ ತುಂಬುವ ಸಾಮಾನು ಮಾತ್ರ ಲಾಭ. ಬಹಳಷ್ಟು ಜನರಿಗೆ ಟಿಕೆಟ್ ಜೊತೆ 23 ಕಿಲೋದ ಹೆಚ್ಚುವರಿ ಸೂಟ್‌ಕೇಸು ಕೊಳ್ಳುವುದೇ ಅದಕ್ಕಿಂತ ಅಗ್ಗ.

ಎಷ್ಟು ದಿನ?

ಹ್ಯಾಂಬರ್ಗ್ ಅಥವಾ ಬ್ರೆಮರ್‌ಹಾಫೆನ್‌ನಿಂದ ಅಮೆರಿಕದ ಪೂರ್ವ ಕರಾವಳಿಗೆ ಹಡಗಿನ ಪಯಣ ಎರಡು ವಾರದ ಆಸುಪಾಸು. ಆದರೂ ಮನೆ ಬಾಗಿಲಿಗೆ ಬರಲು ಎರಡು ತಿಂಗಳು ಹಿಡಿಯುವುದು ಹಡಗಿನ ಎರಡೂ ಬದಿಯ ಕಾಯುವಿಕೆಯಿಂದ. ಈ ಕಡೆ ಕಂಟೇನರ್ ಭರ್ತಿಯಾಗುವವರೆಗೆ ನಿಮ್ಮ ಪೆಟ್ಟಿಗೆ ಗೋದಾಮಿನಲ್ಲಿ ಕೂರುತ್ತದೆ. ಆ ಕಡೆ ಬಂದರು, ಶಿಕಾಗೊವರೆಗಿನ ರೈಲು, ಬಿಚ್ಚಿ ಬೇರ್ಪಡಿಸುವ ಗೋದಾಮು, ಕಸ್ಟಮ್ಸ್. ಕಂಪನಿ 'ಆರರಿಂದ ಎಂಟು ವಾರ' ಎಂದರೆ ಹತ್ತರಿಂದ ಹನ್ನೆರಡಕ್ಕೆ ತಯಾರಾಗಿರಿ. 'ಕೊನೆಯ ಪಕ್ಷ ಯಾವ ತಾರೀಕಿಗೆ ಹಡಗು ಹತ್ತಿಸುತ್ತೀರಿ?' ಎಂದು ಕೇಳಿದರೆ ಉತ್ತರದಲ್ಲೇ ಕಂಪನಿಯ ಯೋಗ್ಯತೆ ಗೊತ್ತಾಗುತ್ತದೆ. ಕಂಟೇನರ್ ತುಂಬಿದಾಗ ಎಂದಷ್ಟೇ ಹೇಳುವವರಿಗಿಂತ, ಗರಿಷ್ಠ ಇಷ್ಟು ದಿನ ಎಂದು ಬರೆದುಕೊಡುವವರು ಸ್ವಲ್ಪ ದುಬಾರಿಯಾದರೂ ವಾಸಿ.

ಕಸ್ಟಮ್ಸ್ ಕಾಗದ: ನಿಜವಾದ ಪರೀಕ್ಷೆ

ಮನೆ ಸಾಮಾನಿಗೆ ಅಮೆರಿಕದಲ್ಲಿ ಸುಂಕವಿಲ್ಲ, ಆದರೆ ಅದನ್ನು ವಿದೇಶದಲ್ಲಿ ನೀವು ಕನಿಷ್ಠ ಒಂದು ವರ್ಷ ಬಳಸಿರಬೇಕು. ಪೀಠೋಪಕರಣ, ಪಾತ್ರೆ, ಹಾಸಿಗೆ ಬಟ್ಟೆ, ಪುಸ್ತಕ ಎಲ್ಲ ಇದರಲ್ಲಿ ಬರುತ್ತವೆ. ಆ ವರ್ಷ ಸತತವಾಗಿರಬೇಕೆಂದಿಲ್ಲ. ಹೊರಡುವ ಮೊದಲು ಹೊಸ ಸೋಫಾ ಕೊಂಡರೆ ಅದಕ್ಕೆ ಸುಂಕ ಬೀಳಬಹುದು. ಪಟ್ಟಿಯಲ್ಲಿ ಅದನ್ನು ಬೇರೆಯಾಗಿ ಬರೆದು ರಸೀತಿ ಜೋಡಿಸಿ. ಇದಕ್ಕೆ ತುಂಬುವ ಅರ್ಜಿ 3299 ನಮೂನೆ. ಜೊತೆಗೆ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ಐ-94 ಎಂಬ ಅಮೆರಿಕ ಪ್ರವೇಶದ ದಾಖಲೆ, ಇಂಗ್ಲಿಷಿನಲ್ಲಿ ಸಾಮಾನಿನ ಪಟ್ಟಿ, ಕಸ್ಟಮ್ಸ್ ಬ್ರೋಕರಿಗೆ ಕೊಡುವ ಅಧಿಕಾರಪತ್ರ ಬೇಕು. ಐ-94 ನೀವು ಅಮೆರಿಕದ ನೆಲಕ್ಕೆ ಕಾಲಿಟ್ಟ ಮೇಲಷ್ಟೇ ಸಿಗುವುದರಿಂದ ಸಾಮಾನು ನಿಮಗಿಂತ ಮೊದಲು ತಲುಪಬಾರದು. ವೀಸಾ ಸಂದರ್ಶನ ತಡವಾಗಿ, ಹಡಗು ಮಾತ್ರ ಸಮಯಕ್ಕೆ ಬಂದರೆ ಗೋದಾಮಿನ ಬಾಡಿಗೆ ನಿಮ್ಮ ತಲೆಯ ಮೇಲೆ. ಬಂದಿಳಿದ 15 ದಿನದಲ್ಲಿ ಬಿಡಿಸಿಕೊಳ್ಳದ ಸರಕು 'ಜನರಲ್ ಆರ್ಡರ್' ಗೋದಾಮಿಗೆ ಹೋಗುತ್ತದೆ, ಅಲ್ಲಿಂದ ಬಿಡಿಸುವುದು ಇನ್ನೂ ತುಟ್ಟಿ. ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿಸಿ ಬಂದ ಮೇಲೆಯೇ ಕಟ್ಟುವ ದಿನ ಗೊತ್ತುಮಾಡುವುದು ನಮ್ಮ ಸಲಹೆ.

ಸರಕಿನ ವಿವರವನ್ನು ಮುಂಚೆಯೇ ತಿಳಿಸುವ ಇನ್ನೊಂದು ಕಾಗದ ಐಎಸ್‌ಎಫ್. ಯುರೋಪಿನ ಬಂದರಿನಲ್ಲಿ ಹಡಗಿಗೆ ಏರಿಸುವ 24 ಗಂಟೆ ಮೊದಲೇ ಇದು ಅಮೆರಿಕದ ಕಸ್ಟಮ್ಸಿಗೆ ಸಲ್ಲಬೇಕು. ತಪ್ಪಿದರೆ 5,000 ಡಾಲರ್‌ವರೆಗೆ ದಂಡ ಹಾಕುವ ಅಧಿಕಾರ ಅವರಿಗಿದೆ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇನ್ನೂ ಬಂದಿಲ್ಲದವರು ಮನೆ ಸಾಮಾನಿಗೆ ಪಾಸ್‌ಪೋರ್ಟ್ ಸಂಖ್ಯೆಯನ್ನು ಕೊಡಬಹುದು. ಇದನ್ನು ಸಲ್ಲಿಸುವವರು ಯಾರು, ಶುಲ್ಕ ದರದಲ್ಲಿ ಸೇರಿದೆಯೇ ಎಂಬುದು ಒಪ್ಪಂದದಲ್ಲಿ ಇರಲೇಬೇಕು.

ಸಾಮಾನಿನ ಪಟ್ಟಿಯಲ್ಲಿ 'ಇತರೆ ವಸ್ತುಗಳು' ಎಂಬ ಸಾಲು ಬರೆಯಬೇಡಿ. '14ನೇ ಪೆಟ್ಟಿಗೆ: ಬಳಸಿದ ಸ್ಟೀಲ್ ಪಾತ್ರೆ, 2 ಕುಕ್ಕರ್, ಹಿತ್ತಾಳೆ ದೀಪ 2' ಎಂಬಷ್ಟು ನಿಖರವಾಗಿರಲಿ. ಅನುಮಾನ ಬಂದರೆ ಕಸ್ಟಮ್ಸ್‌ನವರು ಮೊದಲು ಎಕ್ಸ್‌ರೇ ಹಾಕುತ್ತಾರೆ, ತೃಪ್ತಿಯಾಗದಿದ್ದರೆ ಕಂಟೇನರನ್ನು ತಪಾಸಣೆ ಕೇಂದ್ರಕ್ಕೆ ಒಯ್ದು ಬಿಚ್ಚುತ್ತಾರೆ. ಖರ್ಚು ಸರಕಿನ ಒಡೆಯರದು, ನೂರಾರು ಡಾಲರ್ ಆದೀತು. ಪಾಲಿನ ಕಂಟೇನರಿನ ದೊಡ್ಡ ದೌರ್ಬಲ್ಯ ಇದೇ: ಬೇರೆ ಯಾರದೋ ಪೆಟ್ಟಿಗೆಯಲ್ಲಿ ಸಿಕ್ಕ ಒಂದು ವೈನ್ ಬಾಟಲಿಗೆ ನಿಮ್ಮ ಸಾಮಾನೂ ವಾರಗಟ್ಟಲೆ ನಿಲ್ಲಬಹುದು. ಇದನ್ನು ತಪ್ಪಿಸುವ ದಾರಿ ನಿಮ್ಮ ಕೈಲಿಲ್ಲ. ಆ ಖರ್ಚನ್ನು ಹೇಗೆ ಹಂಚುತ್ತಾರೆ ಎಂದು ಮೊದಲೇ ತಿಳಿದುಕೊಳ್ಳಬಹುದು, ಅಷ್ಟೆ.

ನಿಮ್ಮ ಪೆಟ್ಟಿಗೆಯಿಂದ ಬೇರೆಯವರು ನಿಲ್ಲದಂತೆ ನೋಡಿಕೊಳ್ಳುವುದಂತೂ ಕೈಲಿದೆ. ಮದ್ಯ ಬೇಡವೇ ಬೇಡ. ಸಾಂಬಾರ್ ಪುಡಿ, ಉಪ್ಪಿನಕಾಯಿ, ಅಕ್ಕಿ, ಬೇಳೆ, ಕಳಶದೊಳಗಿನ ಧಾನ್ಯ, ದರ್ಭೆ, ತೆಂಗಿನಕಾಯಿ, ಹುಲ್ಲಿನ ಪೊರಕೆ ಇವೆಲ್ಲ ಕೃಷಿ ತಪಾಸಣೆಗೆ ದಾರಿ ಮಾಡುವ ವಸ್ತುಗಳು. ಶಿಕಾಗೊದ ಡೆವನ್ ಅವೆನ್ಯೂನಲ್ಲಿ 1974ರಲ್ಲಿ ಶುರುವಾದ ಪಟೇಲ್ ಬ್ರದರ್ಸ್ ಅಂಗಡಿಯಿಂದ ಹಿಡಿದು ದಿನಸಿ ಅಂಗಡಿಗಳು ಸಾಲಾಗಿವೆ, ಹೊಸದಾಗಿಯೇ ಕೊಳ್ಳಿ. ಆಲ್ಪ್ಸ್ ಹತ್ತಿದ ಬೂಟಿನ ಅಡಿ, ಸೈಕಲ್ಲಿನ ಚಕ್ರ, ಮಕ್ಕಳ ಗಾಡಿಯ ಗಾಲಿಗೆ ಅಂಟಿದ ಮಣ್ಣನ್ನು ಹಲ್ಲುಜ್ಜುವ ಬ್ರಷ್ ಹಾಕಿ ತೊಳೆದು ಒಣಗಿಸಿ. ವಿದೇಶದ ಮಣ್ಣಿಗೆ ಪ್ರವೇಶವಿಲ್ಲ, ಸೈಕಲ್ ಇರುವ ಮನೆಯವರು ಎಡವುವುದು ಹೆಚ್ಚಾಗಿ ಇಲ್ಲೇ.

ವೀಣೆ ಒಯ್ಯುವವರಿಗೆ ಒಂದು ಮಾತು. ಹಳೆಯ ವೀಣೆಗಳ ಅಲಂಕಾರದಲ್ಲಿ ದಂತ ಅಥವಾ ಜಿಂಕೆ ಕೊಂಬು ಇರುವುದುಂಟು. ದಂತಕ್ಕೆ ಅಮೆರಿಕದಲ್ಲಿ ಬಹುತೇಕ ಪೂರ್ತಿ ನಿಷೇಧವಿದೆ, ತಿಳಿದವರಿಗೆ ತೋರಿಸದೆ ಪೆಟ್ಟಿಗೆಗೆ ಹಾಕಬೇಡಿ. ಬೀಟೆ ಮರದ ಸಂಗೀತ ವಾದ್ಯಗಳಿಗೆ 2019ರಿಂದ ಅಂತರರಾಷ್ಟ್ರೀಯ ನಿಯಮದಲ್ಲಿ ವಿನಾಯಿತಿ ಸಿಕ್ಕಿದೆ. ಮೈಸೂರಿನ ಬೀಟೆ ಕೆತ್ತನೆಯ ಫಲಕದಂಥ ತಯಾರಾದ ವಸ್ತುಗಳಿಗೂ, ಒಂದು ಸರಕಿನಲ್ಲಿ ಬೀಟೆಯ ತೂಕ 10 ಕಿಲೋ ಮೀರದಿದ್ದರೆ ತೊಂದರೆಯಿಲ್ಲ.

ಏನು ಒಯ್ಯುವುದು, ಏನು ಬಿಡುವುದು

ಗೋಡೆಗೆ ಪ್ಲಗ್ ಹಾಕುವ ಯಾವುದನ್ನೂ ಯೋಚಿಸದೆ ಕಟ್ಟಿಸಬೇಡಿ. ಯುರೋಪಿನದು, ನಮ್ಮ ಊರಿನದೂ, 230 ವೋಲ್ಟ್ 50 ಹರ್ಟ್ಸ್. ಅಮೆರಿಕದ್ದು 120 ವೋಲ್ಟ್ 60 ಹರ್ಟ್ಸ್. ಲ್ಯಾಪ್‌ಟಾಪ್, ಫೋನ್ ಚಾರ್ಜರಿನ ಮೇಲೆ '100-240' ಎಂದು ಬರೆದಿರುತ್ತದೆ, ಪ್ಲಗ್ ಬದಲಿಸಿದರೆ ಸಾಕು. ಬರೀ ಕಾವಿನಿಂದ ನಡೆಯುವ 230 ವೋಲ್ಟಿನ ರೈಸ್ ಕುಕ್ಕರ್, ಇಸ್ತ್ರಿ ಪೆಟ್ಟಿಗೆ 120 ವೋಲ್ಟಿಗೆ ಹಾಕಿದರೆ ಕಾಲು ಭಾಗದಷ್ಟೇ ಕಾವು ಕೊಡುತ್ತವೆ. 2,200 ವಾಟಿನ ಜರ್ಮನ್ ಕೆಟಲ್ಲಿಗೆ ಟ್ರಾನ್ಸ್‌ಫಾರ್ಮರ್ ಹಾಕಿದರೂ ಉಪಯೋಗವಿಲ್ಲ. ಅಮೆರಿಕದ 15 ಆಂಪಿಯರ್ ಸಾಕೆಟ್ ಕೊಡುವುದೇ 1,800 ವಾಟ್.

ಮಿಕ್ಸಿಯ ಕಥೆ ಬೇರೆ. ಅದರ ಬ್ರಷ್ ಇರುವ ಮೋಟಾರಿಗೆ 50, 60 ಹರ್ಟ್ಸ್ ಭೇದ ಅಷ್ಟಾಗಿ ತಾಗದು. ಆದರೆ 750 ವಾಟಿನ ಮಿಕ್ಸಿ ಶುರುವಾಗುವ ಗಳಿಗೆಯಲ್ಲಿ ಹೆಚ್ಚು ಕರೆಂಟ್ ಎಳೆಯುವುದರಿಂದ 1,500 ವಾಟಿನ ಟ್ರಾನ್ಸ್‌ಫಾರ್ಮರ್ ಬೇಕು, ಅದು ಅಡುಗೆ ಕಟ್ಟೆಯ ಮೇಲೆ ಇಟ್ಟಿಗೆಯಂತೆ ಕೂರುತ್ತದೆ. ಇಡ್ಲಿ ಹಿಟ್ಟಿನ ವೆಟ್ ಗ್ರೈಂಡರಿನಲ್ಲಿರುವುದು ಸಾಮಾನ್ಯವಾಗಿ ಇಂಡಕ್ಷನ್ ಮೋಟಾರ್. 60 ಹರ್ಟ್ಸಿನಲ್ಲಿ ಅದು ಸುಮಾರು ಶೇಕಡ 20ರಷ್ಟು ಜೋರಾಗಿ ತಿರುಗಿ ಹಿಟ್ಟನ್ನೂ ತನ್ನನ್ನೂ ಬಿಸಿ ಮಾಡಿಕೊಳ್ಳುತ್ತದೆ, ಟ್ರಾನ್ಸ್‌ಫಾರ್ಮರ್ ಇದನ್ನು ಸರಿಪಡಿಸದು. ಎರಡನ್ನೂ ಮ್ಯೂನಿಕ್‌ನಲ್ಲೇ ಇನ್ನೊಂದು ಕನ್ನಡ ಮನೆಗೆ ಕೊಟ್ಟು, ಅಲ್ಲಿನ ವೋಲ್ಟಿಗೆ ಹೊಂದುವವನ್ನು ಅಮೆರಿಕದಲ್ಲೇ ಕೊಳ್ಳುವುದು ಜಾಣತನ. ಕುಕ್ಕರ್, ಕಾವಲಿ, ಇಡ್ಲಿ ತಟ್ಟೆ, ಚಕ್ಕುಲಿ ಒರಳು, ಹಿತ್ತಾಳೆ ದೀಪ ಕಣ್ಣು ಮುಚ್ಚಿ ಒಯ್ಯಬಹುದು.

ಹಾಸಿಗೆಯ ಅಳತೆ ಹೊಂದುವುದಿಲ್ಲ. ಜರ್ಮನಿಯ ಮಂಚ 160 ಅಥವಾ 180 ಸೆಂಟಿಮೀಟರ್ ಅಗಲ, ಅಮೆರಿಕದ ಕ್ವೀನ್ 152, ಕಿಂಗ್ 193. ಮಂಚ ಒಯ್ದರೆ ಮುಂದೆ ಹಾಸಿಗೆ, ಮೇಲುಹೊದಿಕೆ ಯಾವುದೂ ಸ್ಥಳೀಯವಾಗಿ ಸಿಗದು. ಬಿಡಿ. ಅಮೆರಿಕದ ಮನೆಗಳಲ್ಲಿ ಗೋಡೆಯೊಳಗೇ ಬಟ್ಟೆ ಕಪಾಟು ಇರುತ್ತದೆ, ಮರದ ಪುಡಿಯ ಹಲಗೆಯ ಬೀರು ಒಮ್ಮೆ ಬಿಚ್ಚಿ ಕಟ್ಟಿದರೆ ಸ್ಕ್ರೂ ಹಿಡಿಯುವುದಿಲ್ಲ. ಅದನ್ನೂ ಬಿಡಿ. ಫ್ರಿಜ್, ಒಲೆ ಬಾಡಿಗೆ ಮನೆಯಲ್ಲೇ ಇರುತ್ತವೆ. ಕಾರಿನ ಆಸೆಯೂ ಬೇಡ: 25 ವರ್ಷ ತುಂಬದ ವಾಹನ ಅಮೆರಿಕದ ಸುರಕ್ಷತಾ ಮಾನಕಕ್ಕೆ ತಯಾರಾಗಿರಬೇಕು, ಯುರೋಪಿನವು ಸಾಮಾನ್ಯವಾಗಿ ಹಾಗಿರುವುದಿಲ್ಲ. ಇಷ್ಟು ಕಳೆದರೆ ಉಳಿಯುವುದು ಪುಸ್ತಕ, ಬಟ್ಟೆ, ಪಾತ್ರೆ, ಮಕ್ಕಳ ಸಾಮಾನು, ಸೈಕಲ್, ಒಂದೆರಡು ಗಟ್ಟಿ ಮರದ ಪೀಠೋಪಕರಣ. ಒಂದು ಲಿಫ್ಟ್‌ವ್ಯಾನಿಗೆ ಸರಿಯಾಗಿ ಕೂರುವ ಸಂಸಾರ.

ಒಡವೆ, ಪದವಿ ಪತ್ರಗಳು, ಮದುವೆ ಮತ್ತು ಜನನ ಪ್ರಮಾಣಪತ್ರ, ಲಸಿಕೆ ಪುಸ್ತಕ, ವೈದ್ಯರ ಚೀಟಿಯ ಜೊತೆ ಔಷಧಿ ಕೈಚೀಲದಲ್ಲೇ ಬರಲಿ.

ವಿಮೆ

ಕಟ್ಟುವುದನ್ನು ಕಂಪನಿಗೇ ಬಿಡಿ. ನೀವೇ ಕಟ್ಟಿದ ಪೆಟ್ಟಿಗೆಯ ಒಳಗೆ ಒಡೆದದ್ದಕ್ಕೆ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ಕಸ್ಟಮ್ಸ್‌ನವರೂ ಅಂಥ ಪೆಟ್ಟಿಗೆಯನ್ನೇ ಮೊದಲು ನೋಡುತ್ತಾರೆ. ವಿಮೆಯ ಮೊತ್ತ ಹಳೆಯ ಬೆಲೆಯದಾಗದೆ, ಶಿಕಾಗೊದಲ್ಲಿ ಮತ್ತೆ ಕೊಳ್ಳಲು ತಗಲುವ ಬೆಲೆಯಾಗಿರಬೇಕು. 20,000 ಡಾಲರಿನ ಸಾಮಾನನ್ನು 10,000ಕ್ಕೆ ವಿಮೆ ಮಾಡಿಸಿ, 1,000 ಡಾಲರಿನ ಹಾನಿಯಾದರೆ ಸಿಗುವುದು 500 ಮಾತ್ರ. ಪಾಲಿಸಿಯ ಸಣ್ಣಕ್ಷರದಲ್ಲಿರುವ ಸರಾಸರಿ ನಿಯಮದ ಲೆಕ್ಕ ಅದು. ತೇವದಿಂದ ಬರುವ ಬೂಷ್ಟು, ಜೋಡಿಯಲ್ಲಿ ಒಂದು ಒಡೆದರೆ ಇನ್ನೊಂದರ ಬೆಲೆ, ಎಲೆಕ್ಟ್ರಾನಿಕ್ಸ್ ಒಳಗಿನ ಕೆಡುಕು ಸೇರಿವೆಯೇ ನೋಡಿ.

ವಿಮೆಯೇ ಬೇಡ ಎನ್ನುವವರು ಎರಡು ಸಂಗತಿ ತಿಳಿದಿರಲಿ. ಅಮೆರಿಕದ 1936ರ ಸಮುದ್ರ ಸಾಗಣೆ ಕಾಯ್ದೆಯಂತೆ, ಬೆಲೆ ಘೋಷಿಸದ ಸರಕಿಗೆ ಹಡಗಿನವರ ಹೊಣೆ ಒಂದು ಪ್ಯಾಕೇಜಿಗೆ ಗರಿಷ್ಠ 500 ಡಾಲರ್. ಸರಕು ಪಡೆದದ್ದಕ್ಕೆ ಹಡಗಿನವರು ಕೊಡುವ ರಸೀತಿಯಾದ ಬಿಲ್ ಆಫ್ ಲೇಡಿಂಗ್‌ನಲ್ಲಿ 'ಒಂದು ಲಿಫ್ಟ್‌ವ್ಯಾನ್' ಎಂದಷ್ಟೇ ಬರೆದಿದ್ದರೆ ನಿಮ್ಮ ಇಡೀ ಮನೆಯೇ ಒಂದು ಪ್ಯಾಕೇಜ್ ಎಂದು ವಾದಿಸಲು ಅವರಿಗೆ ಅವಕಾಶ. 'ಒಂದು ಲಿಫ್ಟ್‌ವ್ಯಾನ್, ಒಳಗೆ 62 ಪೆಟ್ಟಿಗೆ' ಎಂದು ಬರೆಸಿ. ಎರಡನೆಯದು 'ಜನರಲ್ ಆವರೇಜ್'. ಅಪಘಾತದಲ್ಲಿ ಹಡಗನ್ನು ಉಳಿಸಲು ಆದ ವೆಚ್ಚವನ್ನು ಸರಕಿನ ಒಡೆಯರೆಲ್ಲರೂ ಹಂಚಿಕೊಳ್ಳಬೇಕೆಂಬ ಹಳೆಯ ಕಟ್ಟಳೆ. 2021ರಲ್ಲಿ ಸುಯೆಜ್‌ನಲ್ಲಿ ಸಿಕ್ಕಿಕೊಂಡ ಎವರ್ ಗಿವನ್, 2024ರಲ್ಲಿ ಬಾಲ್ಟಿಮೋರ್ ಸೇತುವೆಗೆ ಗುದ್ದಿದ ಡಾಲಿ ಎರಡರಲ್ಲೂ ಇದನ್ನು ಘೋಷಿಸಿದರು. ನಿಮ್ಮ ಸಾಮಾನಿಗೆ ಗೀರೂ ಬಿದ್ದಿರದಿದ್ದರೂ ಪಾಲು ಅಥವಾ ಭದ್ರತೆ ಕೊಡದೆ ಬಿಡುಗಡೆಯಿಲ್ಲ. ವಿಮೆ ಇದ್ದರೆ ವಿಮೆಯವರು ನೋಡಿಕೊಳ್ಳುತ್ತಾರೆ.

ಎರಡು ಊರುಗಳ ಕಟ್ಟಳೆ

ಮ್ಯೂನಿಕ್ ಕಡೆ: ಬಾಡಿಗೆ ಮನೆ ಬಿಡಲು ಮೂರು ತಿಂಗಳ ನೋಟಿಸ್, ಕಾಗದದ ಮೇಲೆ ಸಹಿ ಹಾಕಿ, ತಿಂಗಳ ಮೂರನೇ ಕೆಲಸದ ದಿನದೊಳಗೆ ಮಾಲೀಕರಿಗೆ ತಲುಪಬೇಕು. ಮಾರ್ಚ್ ಆರಂಭದಲ್ಲಿ ತಲುಪಿದರೆ ಮೇ ಕೊನೆಗೆ ಬಿಡುಗಡೆ. ಅಡುಗೆಮನೆಯ ಕಟ್ಟೆ ಕಪಾಟು ನಿಮ್ಮದೇ ಆಗಿದ್ದರೆ ಮುಂದಿನ ಬಾಡಿಗೆದಾರರಿಗೆ ಮಾರುವ ಮಾತುಕತೆಯನ್ನು ಆಗಲೇ ಶುರುಮಾಡಿ. ಊರು ಬಿಟ್ಟ ದಾಖಲೆಯಾದ ಆಬ್‌ಮೆಲ್ಡುಂಗ್ ಹೊರಡುವ ಒಂದು ವಾರಕ್ಕಿಂತ ಮೊದಲು ಮಾಡಿಸಲಾಗದು, ಹೊರಟು ಎರಡು ವಾರದೊಳಗೆ ಮುಗಿಸಬೇಕು. ಅದರ ಪ್ರತಿ ಹತ್ತು ಕಡೆ ಬೇಕಾಗುತ್ತದೆ. ಲಾರಿ ನಿಲ್ಲಿಸಲು ರಸ್ತೆಯಲ್ಲಿ 'ಹಾಲ್ಟೆಫೆರ್ಬೋಟ್' (ಬೇರೆ ವಾಹನ ನಿಲ್ಲಿಸಬಾರದು) ಎಂಬ ಬೋರ್ಡು ಕನಿಷ್ಠ ಮೂರು ಪೂರ್ಣ ದಿನ ಮೊದಲೇ ನಿಲ್ಲಬೇಕು. ಇದನ್ನು ಕಂಪನಿಯೇ ಮಾಡಿಸುತ್ತದೆಯೇ ಕೇಳಿ.

ಶಿಕಾಗೊ ಕಡೆ: ಬಹುಮಹಡಿ ಕಟ್ಟಡಗಳು ಸಾಮಾನು ಲಿಫ್ಟನ್ನು ಮುಂಗಡ ಕಾಯ್ದಿರಿಸಲು ಹೇಳುತ್ತವೆ, ಸಾಗಣೆ ಕಂಪನಿಯಿಂದ ವಿಮಾ ಪ್ರಮಾಣಪತ್ರವನ್ನೂ ಕೇಳುತ್ತವೆ. ಆ ಪತ್ರದಲ್ಲಿ ಕಟ್ಟಡದ ಮಾಲೀಕ ಸಂಸ್ಥೆಯ ಹೆಸರು ಒಂದಕ್ಷರ ತಪ್ಪಿದರೂ ಲಾರಿಯನ್ನು ಬಾಗಿಲಿನಿಂದಲೇ ಕಳಿಸುವುದುಂಟು. 'ಡೋರ್ ಟು ಡೋರ್' ದರದ ಕೆಳಗೆ ಯಾವುದು ಸೇರಿಲ್ಲ ಎಂಬ ಪಟ್ಟಿ ಇರುತ್ತದೆ: ಬಂದರಿನ ನಿರ್ವಹಣಾ ಶುಲ್ಕ, ಕಸ್ಟಮ್ಸ್ ತಪಾಸಣೆ, ಮೆಟ್ಟಿಲು, ಲಾರಿಯಿಂದ ಬಾಗಿಲಿನವರೆಗಿನ ದೂರ, ದೊಡ್ಡ ಲಾರಿ ನಿಲ್ಲದಲ್ಲಿ ಸಣ್ಣ ವ್ಯಾನು. ಎರಡು ಕಂಪನಿಗಳ ದರ ಹೋಲಿಸುವಾಗ ಮೊತ್ತಕ್ಕಿಂತ ಮೊದಲು ಈ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಮೆರಿಕದ ಕಡೆಯ ಸಮುದ್ರ ಸಾಗಣೆ ಮಧ್ಯವರ್ತಿಗೆ ಫೆಡರಲ್ ಮ್ಯಾರಿಟೈಮ್ ಕಮಿಷನ್‌ನ ಪರವಾನಗಿ ಇದೆಯೇ ಎಂದು ಆ ಸಂಸ್ಥೆಯ ಜಾಲತಾಣದಲ್ಲೇ ಹುಡುಕಬಹುದು. ಯುರೋಪಿನ ಕಡೆಯವರಿಗೆ ಅಂತರರಾಷ್ಟ್ರೀಯ ಮನೆ ಸಾಗಣೆದಾರರ ಸಂಘವಾದ ಫಿಡಿ ಕೊಡುವ ಫೈಮ್ ಗುಣಮಟ್ಟದ ಮಾನ್ಯತೆ ಇದ್ದರೆ ಒಳ್ಳೆಯ ಲಕ್ಷಣ.

ಕಂಪನಿ ಕೊಡುವ ದುಡ್ಡು

2018ರಿಂದ, ಉದ್ಯೋಗದಾತರು ಕೊಡುವ ಸ್ಥಳಾಂತರದ ಹಣ ಅಮೆರಿಕದಲ್ಲಿ ತೆರಿಗೆಗೆ ಒಳಪಡುವ ಸಂಬಳ. ಸಾಗಣೆ ಕಂಪನಿಗೆ ಅವರೇ ನೇರವಾಗಿ ಪಾವತಿಸಿದರೂ ಅದು ನಿಮ್ಮ ಆದಾಯಕ್ಕೆ ಸೇರುತ್ತದೆ. 10,000 ಡಾಲರ್ ಒಟ್ಟು ಮೊತ್ತವಾಗಿ ಕೊಟ್ಟರೆ, ಫೆಡರಲ್ ತೆರಿಗೆ ಮುರಿತ ಶೇಕಡ 22, ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ 7.65, ಇಲಿನಾಯ್ ರಾಜ್ಯದ್ದು 4.95 ಹೋಗಿ ಕೈಗೆ ಬರುವುದು 6,540. ಈ ತೆರಿಗೆಯನ್ನೂ ಕಂಪನಿಯೇ ಭರಿಸುವುದಕ್ಕೆ 'ಗ್ರಾಸ್ ಅಪ್' ಎನ್ನುತ್ತಾರೆ. ಆಫರ್ ಪತ್ರಕ್ಕೆ ಸಹಿ ಹಾಕುವ ಮೊದಲೇ ಇದನ್ನು ಕೇಳಬೇಕು, ಆಮೇಲೆ ಕೇಳಿ ಫಲವಿಲ್ಲ. ತಾತ್ಕಾಲಿಕ ವಸತಿ 30 ದಿನ ಕೊಟ್ಟು ಸಾಮಾನು 70ನೇ ದಿನ ಬಂದರೆ ಮಧ್ಯದ 40 ದಿನ ಬರಿನೆಲದ ಮೇಲೆ. ಹಾಗಾಗಿ ವಸತಿಯನ್ನು 60 ದಿನಕ್ಕೆ ಏರಿಸಿಕೊಳ್ಳಿ, ಇಲ್ಲವೇ ಒಂದು ಕುಕ್ಕರ್, ಎರಡು ಪಾತ್ರೆ, ಹೊದಿಕೆಗಳ ಸೂಟ್‌ಕೇಸೊಂದನ್ನು ವಿಮಾನಕ್ಕೆ ಹಾಕಿ. ಅಮೆರಿಕದಲ್ಲಿ ಸಾಲದ ಇತಿಹಾಸ ಇಲ್ಲದವರಿಗೆ ಬಾಡಿಗೆ ಮನೆ ಕೊಡಲು ಮಾಲೀಕರು ಹಿಂಜರಿಯುತ್ತಾರೆ, ಸಂಬಳ ನಮೂದಾಗಿರುವ ಆಫರ್ ಪತ್ರ ಕೈಯಲ್ಲಿರಲಿ. ಶಿಕಾಗೊದ ಬಾಡಿಗೆ ಕಾನೂನು ಠೇವಣಿಗೆ ಬಿಗಿ ನಿಯಮ ಹಾಕಿರುವುದರಿಂದ ಹಲವರು ಠೇವಣಿ ಬದಲು ವಾಪಸು ಬರದ 'ಮೂವ್-ಇನ್ ಫೀ' ಕೇಳುತ್ತಾರೆ.

ಸಾಮಾನು ಬಂದ ದಿನ

ಪಟ್ಟಿ ಹಿಡಿದು ಒಬ್ಬರು ಬಾಗಿಲಲ್ಲಿ ನಿಂತು ಪೆಟ್ಟಿಗೆಯ ಸಂಖ್ಯೆಗಳಿಗೆ ಗುರುತು ಹಾಕಲಿ, ಇನ್ನೊಬ್ಬರು ಒಳಗೆ ಕೋಣೆ ತೋರಿಸಲಿ. ಒದ್ದೆಯಾದ, ಮೂಲೆ ನುಜ್ಜಾದ ಪೆಟ್ಟಿಗೆಯನ್ನು ಬಿಚ್ಚುವ ಮೊದಲೇ ಫೋಟೊ ತೆಗೆದು, ತಲುಪಿದ ಚೀಟಿಯ ಮೇಲೆ ಸಂಖ್ಯೆ ಸಮೇತ ಬರೆದು ಆಮೇಲೆ ಸಹಿ ಮಾಡಿ. ಹೊರಗೆ ಕಾಣದ ಹಾನಿಯನ್ನು ಬರೆದು ತಿಳಿಸಲು 1936ರ ಸಮುದ್ರ ಸಾಗಣೆ ಕಾಯ್ದೆ ಕೊಡುವ ಕಾಲ ಮೂರು ದಿನ, ದಾವೆಗೆ ಒಂದು ವರ್ಷ. ವಿಮಾ ಪಾಲಿಸಿಯ ಗಡುವು ಬೇರೆ ಇರುತ್ತದೆ, ಅದನ್ನೂ ಓದಿ. ಗಾಜು, ಪಿಂಗಾಣಿ, ಟಿವಿ ಇರುವ ಪೆಟ್ಟಿಗೆಗಳನ್ನು ಮೊದಲ ಮೂರು ದಿನದಲ್ಲೇ ಬಿಚ್ಚಿ. ಒಡೆದದ್ದು ಸಿಕ್ಕರೆ ಚೂರು, ಸುತ್ತಿದ ಕಾಗದ, ರಟ್ಟಿನ ಪೆಟ್ಟಿಗೆ ಯಾವುದನ್ನೂ ಎಸೆಯಬೇಡಿ. ಪರಿಶೀಲಕರು ಬಂದು ನೋಡುವವರೆಗೆ ಹಾಗೇ ಮೂಲೆಯಲ್ಲಿಡಿ.